ಪಿಚ್ ಗುಡಿಸಿದ ಹುಡುಗ, 179 ವಿಕೆಟ್: ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ

ಹಾಸ್ಟೆಲ್‌ನಲ್ಲಿ ಸಾರ್ವಕಾಲಿಕ ಭಾರತೀಯ ಇಲೆವೆನ್ ಕಟ್ಟೋ ಆಟ ಎಲ್ಲರೂ ಆಡಿರ್ತೀವಿ. ಸಚಿನ್, ದ್ರಾವಿಡ್, ಕುಂಬ್ಳೆ, ಬೇಡಿ, ಕಪಿಲ್. ಬಹಳ ಓದಿಕೊಂಡವನಿದ್ದರೆ ಸಿ.ಕೆ. ನಾಯ್ಡು ಹೆಸರು ಹೇಳ್ತಾನೆ. ಅದಕ್ಕಿಂತ ಹಿಂದಕ್ಕೆ ಮಾತು ಹೋಗೋದೇ ಇಲ್ಲ. ಕ್ರಿಕೆಟ್ ನಮ್ಮ ದೇಶಕ್ಕೆ ಬಂದು ಇನ್ನೂರು ವರ್ಷ ದಾಟಿದೆ, ನಮ್ಮ ನೆನಪು ಮಾತ್ರ ತೊಂಬತ್ತು ಚಿಲ್ಲರೆ ವರ್ಷದ್ದು. ಯಾಕಂದ್ರೆ ಭಾರತ ಮೊದಲ ಟೆಸ್ಟ್ ಆಡಿದ್ದು 1932ರ ಜೂನ್ 25ರಂದು, ಲಾರ್ಡ್ಸ್‌ನಲ್ಲಿ. ಅಲ್ಲಿಗೆ ಒಂದು ಗೆರೆ ಎಳೆದುಬಿಟ್ಟಿದ್ದೇವೆ. ಗೆರೆಯ ಆಚೆ ಇದ್ದವರು ಎಷ್ಟೇ ದೊಡ್ಡವರಾದರೂ ನಮ್ಮ ಪಟ್ಟಿಗೆ ಬರಲ್ಲ.

ಹಾಗೆ ಆಚೆ ಉಳಿದವರಲ್ಲಿ ಎಲ್ಲರಿಗಿಂತ ದೊಡ್ಡವರು ಪಲ್ವಂಕರ್ ಬಾಲೂ. ಎಡಗೈ ಸ್ಪಿನ್ನರ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದ ನಡುವೆ. ಗೊರಗುಂಟೆಪಾಳ್ಯದ ಜಂಕ್ಷನ್‌ನಲ್ಲಿ ಶುಕ್ರವಾರ ರಾತ್ರಿ ಬ್ಯಾಗ್ ಹಿಡಿದು ನಿಂತು ಹುಬ್ಬಳ್ಳಿ-ಧಾರವಾಡದ ಬಸ್ ಕಾಯೋ ಗೆಳೆಯರು ನಮ್ಮಲ್ಲಿ ಎಷ್ಟೊಂದು ಜನ ಇದ್ದಾರೆ. ತಮ್ಮೂರ ಪೇಢಾ ಬಗ್ಗೆ, ಬೇಂದ್ರೆ ಬಗ್ಗೆ, ಸಂಗೀತದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಈ ಹೆಸರು ಅವರ ಬಾಯಲ್ಲೂ ನಾವು ಕೇಳಿರಲಿಲ್ಲ. ಅದಕ್ಕೇ ಈ ಬಾರಿಯ ಸಂಚಿಕೆಗೆ ಬಾಲೂ ಅವರ ಕಥೆ.

ಮನೆತನದ ಮೂಲ ಕೊಂಕಣದ ಪಲ್ವಣ ಅನ್ನೋ ಹಳ್ಳಿ, ಪಲ್ವಂಕರ್ ಅನ್ನೋ ಹೆಸರು ಬಂದದ್ದು ಅಲ್ಲಿಂದ. ಜಾತಿಯಲ್ಲಿ ಚಮ್ಮಾರರು, ಅಂದಿನ ಲೆಕ್ಕದಲ್ಲಿ ಅಸ್ಪೃಶ್ಯರು. ತಂದೆಗೆ ಸೈನ್ಯಕ್ಕೆ ಸಂಬಂಧಿಸಿದ ಕೆಲಸ, ಹಾಗಾಗಿ ಸಂಸಾರ ಪುಣೆ ಸೇರಿತು. ಪುಣೆಯ ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡಿ ಬಿಸಾಕಿದ ಬ್ಯಾಟು ಬಾಲುಗಳಲ್ಲೇ ಬಾಲೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಮನೆಗೆ ದುಡ್ಡು ಬೇಕಿತ್ತು, ಶಾಲೆ ನಡುವೆಯೇ ನಿಂತಿತು. ಮೊದಲ ಕೆಲಸ ಪಾರ್ಸಿಗಳ ಕ್ಲಬ್‌ನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯೋದು. ತಿಂಗಳಿಗೆ ಮೂರು ರೂಪಾಯಿ. 1892ರ ಹೊತ್ತಿಗೆ ಬಿಳಿಯರ ಪೂನಾ ಜಿಮ್ಖಾನಾಕ್ಕೆ ಬಂದರು. ಸಂಬಳ ಒಂದು ರೂಪಾಯಿ ಏರಿತು.

ಇಲ್ಲಿ ಒಬ್ಬ ವಿಚಿತ್ರ ಮನುಷ್ಯನ ಪ್ರವೇಶ ಆಗುತ್ತೆ. ಕ್ಯಾಪ್ಟನ್ ಜೆ.ಜಿ. ಗ್ರೇಗ್. ಪೂರ್ತಿ ಹೆಸರು ಜಾನ್ ಗ್ಲೆನಿ ಗ್ರೇಗ್, ನಮ್ಮ ಜನರ ಬಾಯಲ್ಲಿ ಅದು ಜಂಗ್ಲಿ ಗ್ರೇಗ್ ಆಯ್ತು. ಮುಂದೆ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಗೆ ಆಡಿದವನು, ಕೊನೆಗೆ ಸೈನ್ಯ ಬಿಟ್ಟು ಕ್ಯಾಥೊಲಿಕ್ ಪಾದ್ರಿಯಾದವನು. ಆ ಕಾಲಕ್ಕೆ ಭಾರತದಲ್ಲಿದ್ದ ಅತ್ಯುತ್ತಮ ಬಿಳಿಯ ಬ್ಯಾಟ್ಸ್‌ಮನ್ ಅವನೇ. ದಿನಾ ಬೇರೆಯವರಿಗಿಂತ ಮುಂಚೆ ಮೈದಾನಕ್ಕೆ ಬಂದು, ನೆಟ್ ಕಟ್ಟೋ ಈ ಹುಡುಗನ ಕೈಗೆ ಚೆಂಡು ಕೊಟ್ಟು ಬೌಲ್ ಮಾಡು ಅಂತ ನಿಲ್ಲುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡ್ತಿದ್ದ ಅನ್ನೋ ಮಾತೂ ಇದೆ. ನಿಜವೋ ಕಟ್ಟುಕಥೆಯೋ, ಗಂಟೆಗಟ್ಟಲೆ, ವರ್ಷಗಟ್ಟಲೆ ಒಬ್ಬ ಒಳ್ಳೆ ಬ್ಯಾಟ್ಸ್‌ಮನ್‌ಗೆ ಬೌಲ್ ಮಾಡುತ್ತಾ ಬಾಲೂ ಬಾಲೂ ಆದರು ಅನ್ನೋದು ಮಾತ್ರ ನಿಜ. ಒಂದು ಸೂಕ್ಷ್ಮ ಇಲ್ಲಿದೆ: ಆ ಕ್ಲಬ್‌ನಲ್ಲಿ ಅವರ ಕೈಗೆ ಬ್ಯಾಟ್ ಯಾರೂ ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳ ಕೆಲಸ, ಬೌಲಿಂಗ್ ಆಳಿನ ಕೆಲಸ. ನಾವು ಗಲ್ಲಿಯಲ್ಲಿ ಚಿಕ್ಕ ಹುಡುಗರನ್ನು ಬರೀ ಫೀಲ್ಡಿಂಗ್‌ಗೆ ನಿಲ್ಲಿಸ್ತೀವಲ್ಲ, ಅದರದೇ ದೊಡ್ಡ ರೂಪ.

ಪುಣೆಯ ಹಿಂದೂ ಕ್ಲಬ್‌ಗೆ ಬಿಳಿಯರನ್ನು ಸೋಲಿಸೋ ಆಸೆ. ಊರಿನ ಅತ್ಯುತ್ತಮ ಬೌಲರ್ ಯಾರು ಅಂತ ಎಲ್ಲರಿಗೂ ಗೊತ್ತು. ಆದರೆ ಅವರು ಚಮ್ಮಾರರು. ಕ್ಲಬ್‌ನ ತೆಲುಗು ಸದಸ್ಯರು ಬೇಕು ಅಂದರು, ಸ್ಥಳೀಯ ಬ್ರಾಹ್ಮಣ ಸದಸ್ಯರು ಬೇಡ ಅಂದರು. ಕೊನೆಗೆ ಗೆಲ್ಲೋ ಆಸೆಯೇ ಗೆದ್ದಿತು, ಬಾಲೂ ತಂಡಕ್ಕೆ ಬಂದರು. ಬಂದ ಮೇಲಿನ ವ್ಯವಸ್ಥೆ ನೋಡಿ. ಮೈದಾನದಲ್ಲಿ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟಬಹುದು, ಹಿಡಿಯಬಹುದು, ಪ್ಯಾಂಟಿಗೆ ಉಜ್ಜಿ ವಾಪಸ್ ಕೊಡಬಹುದು. ಚಹಾದ ವಿರಾಮ ಬಂದರೆ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡೀತಾರೆ, ಬಾಲೂಗೆ ಹೊರಗಡೆ, ಕುಡಿದು ಬಿಸಾಕೋ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಆ ಚೆಂಡು ಯಾವುದರಿಂದ ಮಾಡಿದ್ದು? ದನದ ಚರ್ಮದಿಂದ. ಚರ್ಮದ ಚೆಂಡಿಗೆ ಮೈಲಿಗೆ ಇಲ್ಲ, ಚರ್ಮ ಹದ ಮಾಡೋ ಮನೆಯವನ ಕಪ್ಪಿಗೆ ಮೈಲಿಗೆ. ಈ ತರ್ಕ ಎಷ್ಟು ಯೋಚಿಸಿದರೂ ನಮ್ಮ ತಲೆಗೆ ಹೋಗಲಿಲ್ಲ.

ಸಾತಾರಾದ ಒಂದು ಪಂದ್ಯದ ಕಥೆ ಮಜವಾಗಿದೆ. ಅಲ್ಲಿನ ಬಿಳಿಯರ ಜಿಮ್ಖಾನಾದವರು ಬಾಲೂ ಸ್ಪಿನ್‌ಗೆ ಹೆದರಿ, ಚೆಂಡು ತಿರುಗದ ಹಾಗೆ ವಾರವಿಡೀ ಪಿಚ್ ಮೇಲೆ ರೋಲರ್ ಓಡಿಸಿದರಂತೆ. ಬಾಲೂ ಏಳು ವಿಕೆಟ್ ತೆಗೆದರು. ಪಿಚ್ ರೋಲ್ ಮಾಡೋದೇ ಮೊದಲ ಕಸುಬಾಗಿದ್ದವರ ಹತ್ತಿರ ಅದೇ ವಿದ್ಯೆ ತೋರಿಸಲು ಹೋಗಿದ್ದು ತಪ್ಪಾಯ್ತು. ಪುಣೆಯಲ್ಲಿ ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಅವರನ್ನು ಸಾರ್ವಜನಿಕವಾಗಿ ಗೌರವಿಸಿದರು.

1896ರ ಸುಮಾರಿಗೆ, ಪ್ಲೇಗ್ ಹಬ್ಬಿದ ಕಾಲದಲ್ಲಿ, ಬಾಲೂ ಬಾಂಬೆಗೆ ಬಂದು ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾ ಸೇರಿದರು. ಅಲ್ಲೂ ಜಾತಿಯ ತಕರಾರು ಎದ್ದಿತು, ಕ್ಯಾಪ್ಟನ್ ಕೀರ್ತಿಕರ್ ಹಟ ಹಿಡಿದು ಸೇರಿಸಿಕೊಂಡರು. ಹೊಟ್ಟೆಪಾಡಿಗೆ ಮೊದಲು ಸೈನ್ಯದ ಕೆಲಸ, ಆಮೇಲೆ ಬಾಂಬೆ ಬರೋಡಾ ರೈಲ್ವೆ. ಇಂದು ಆಟಗಾರರು ಬ್ಯಾಂಕು ರೈಲ್ವೆಗಳಲ್ಲಿ ಕೆಲಸ ಮಾಡ್ತಾ ಆ ಸಂಸ್ಥೆಯ ತಂಡಕ್ಕೂ ಆಡ್ತಾರಲ್ಲ, ಹಾಗೆ.

ಅಂದಿನ ದೊಡ್ಡ ಕ್ರಿಕೆಟ್ ಎಂದರೆ ಧರ್ಮದ ಹೆಸರಿನ ತಂಡಗಳ ನಡುವಿನ ಪಂದ್ಯ. ಯುರೋಪಿಯನ್ನರು, ಪಾರ್ಸಿಗಳು ಮೊದಲಿಗೆ, ಆಮೇಲೆ ಹಿಂದೂಗಳು, 1912ರಿಂದ ಮುಸ್ಲಿಮರು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರ ಎದುರು ಇಳಿಯಿತು. ಹಿಂದೂಗಳು 242 ಮತ್ತು 160. ಯುರೋಪಿಯನ್ನರು 191 ಮತ್ತು 102. 109 ರನ್ನುಗಳ ಗೆಲುವು. ಬಾಲೂ ಎರಡೂ ಇನಿಂಗ್ಸ್ ಸೇರಿ ಎಂಟು ವಿಕೆಟ್, ತಂಡದಲ್ಲಿ ತಮ್ಮ ಶಿವರಾಮ ಕೂಡ ಇದ್ದರು. ಆಳುವವರನ್ನು ಅವರದೇ ಆಟದಲ್ಲಿ ಆಳಿಸಿಕೊಂಡವರು ಸೋಲಿಸಿದ್ದು ದೊಡ್ಡ ಸುದ್ದಿ. ಲಗಾನ್ ಸಿನಿಮಾ ನೋಡಿದವರಿಗೆ ಕಚ್ರಾ ಪಾತ್ರ ನೆನಪಿರಬೇಕು. ಬಾಲೂ ಕಥೆ ಓದಿದ ಮೇಲೆ ನಮಗೆ ಅದು ಬರೀ ಸಿನಿಮಾ ಅನ್ನಿಸಲಿಲ್ಲ. ಆದರೆ ಕಚ್ರಾನ ಪಂದ್ಯ ನಿರ್ದೇಶಕರ ಕಲ್ಪನೆ, ಬಾಲೂ ಪಂದ್ಯದ ಸ್ಕೋರು ಇಂದಿಗೂ ಸಿಗುತ್ತೆ.

1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯ್ತು. ನಾಯಕರು ಪಟಿಯಾಲದ ಮಹಾರಾಜರು. ಅದು ಐದನೇ ಜಾರ್ಜ್ ಪಟ್ಟಾಭಿಷೇಕದ ಬೇಸಿಗೆ, ಮಹಾರಾಜರಿಗೆ ಮೈದಾನಕ್ಕಿಂತ ಔತಣಕೂಟಗಳಲ್ಲಿ ಹೆಚ್ಚು ಕೆಲಸ. ತಂಡ 23 ಪಂದ್ಯಗಳಲ್ಲಿ 15 ಸೋತು ಆರು ಗೆದ್ದಿತು. ಫಲಿತಾಂಶ ನೋಡಿದರೆ ನೆನಪಿಡುವಂಥ ಪ್ರವಾಸ ಅಲ್ಲ. ಬಾಲೂ ಅಂಕಿ ನೋಡಿ: ಎಲ್ಲಾ ಪಂದ್ಯ ಸೇರಿ 114 ವಿಕೆಟ್, ಸರಾಸರಿ 18.84. ಅದರಲ್ಲಿ ಪ್ರಥಮ ದರ್ಜೆಯ ಪಂದ್ಯಗಳಲ್ಲೇ 75. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನಿಂಗ್ಸ್‌ನಲ್ಲಿ 103 ರನ್ನಿಗೆ ಎಂಟು ವಿಕೆಟ್. ಇದೆಲ್ಲ ನೋಯುವ ಭುಜ ಇಟ್ಟುಕೊಂಡು, 35 ದಾಟಿದ ವಯಸ್ಸಿನಲ್ಲಿ, ಹಿಂದೆಂದೂ ಕಾಣದ ದೇಶದ ಪಿಚ್‌ಗಳ ಮೇಲೆ. ಇಂಗ್ಲೆಂಡಿನ ಮಹಾನ್ ಎಡಗೈ ಸ್ಪಿನ್ನರ್ ವಿಲ್‌ಫ್ರೆಡ್ ರೋಡ್ಸ್ ಜೊತೆ ಅವರನ್ನು ಹೋಲಿಸಿದ್ದು ಸುಮ್ಮನೆ ಅಲ್ಲ.

ಮರಳಿ ಬಂದಾಗ ಬಾಂಬೆಯ ದಲಿತ ಸಮುದಾಯ ಸನ್ಮಾನ ಏರ್ಪಡಿಸಿತು. ಅಲ್ಲಿ ಅರ್ಪಿಸಿದ ಮಾನಪತ್ರ ಬರೆದವರು ಇಪ್ಪತ್ತರ ಹರೆಯದ ಒಬ್ಬ ಕಾಲೇಜು ವಿದ್ಯಾರ್ಥಿ. ಹೆಸರು ಭೀಮರಾವ್ ಅಂಬೇಡ್ಕರ್. ಈ ಸಾಲು ಓದಿದಾಗ ನಮ್ಮಲ್ಲಿ ಒಂದಿಬ್ಬರು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆವು. ಆ ವಯಸ್ಸಿನ ಅಂಬೇಡ್ಕರರಿಗೆ ಹೀರೋ ಆಗಿದ್ದವರ ಹೆಸರು ನಮಗೆ ಎಂಜಿನಿಯರಿಂಗ್ ಮೂರನೇ ವರ್ಷದವರೆಗೂ ಗೊತ್ತಿರಲಿಲ್ಲ!

ಇಷ್ಟೆಲ್ಲ ಮಾಡಿದವರಿಗೆ ಹಿಂದೂ ತಂಡದ ನಾಯಕತ್ವ ಸಿಕ್ಕಿತಾ? ಇಲ್ಲ. 1913ರಲ್ಲಿ ನಾಯಕರಾದ ಎಂ.ಡಿ. ಪೈ ಅವರೇ ಈ ಗೌರವ ಹಿರಿಯರಾದ ಬಾಲೂಗೆ ಸಲ್ಲಬೇಕಿತ್ತು ಅಂತ ಬಹಿರಂಗವಾಗಿ ಹೇಳಿದರು. 1920ರಲ್ಲಿ ಪೈ ಹುಷಾರು ತಪ್ಪಿದಾಗ ನಾಯಕತ್ವ ಹೋಗಿದ್ದು ಪುಣೆಯ ಡಿ.ಬಿ. ದೇವಧರ್‌ಗೆ. ಬಾಲೂ ತಂಡದಲ್ಲೇ ಇರಲಿಲ್ಲ. ಆಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ನಾವೂ ಆಡಲ್ಲ ಅಂತ ಹೊರಗೆ ನಿಂತರು, ಕಾರಣವನ್ನು ಊರಿಗೇ ತಿಳಿಯುವ ಹಾಗೆ ಬರೆದು ಹೇಳಿದರು. ಗಲಾಟೆ ದೊಡ್ಡದಾಯ್ತು. ಫೈನಲ್ ಹೊತ್ತಿಗೆ ಅಣ್ಣ-ತಮ್ಮಂದಿರು ವಾಪಸ್ ಬಂದರು, ಬಾಲೂ ಉಪನಾಯಕರಾದರು. ಪೈ ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ ಹೋಗಿ ಬಾಲೂ ತಂಡ ನಡೆಸುವ ಹಾಗೆ ಮಾಡಿದರು. ಅಷ್ಟೇ ಅವರಿಗೆ ದಕ್ಕಿದ ನಾಯಕತ್ವ. ಮೂರು ವರ್ಷದ ನಂತರ, 1923ರಲ್ಲಿ, ವಿಠ್ಠಲ ನಾಯಕರಾಗಿ ಯುರೋಪಿಯನ್ನರನ್ನು ಸೋಲಿಸಿದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಹಾಗಾದರೆ ಇಂಥವರು ನೆನಪಿನಿಂದ ಹೋದದ್ದು ಹೇಗೆ? ಆಟ ಸಣ್ಣದಾಗಿತ್ತು ಅಂತ ಹೇಳೋ ಹಾಗಿಲ್ಲ. ಪ್ರಥಮ ದರ್ಜೆಯಲ್ಲಿ 33 ಪಂದ್ಯ, 179 ವಿಕೆಟ್, ಸರಾಸರಿ 15.21. ಪಂದ್ಯಕ್ಕೆ ಐದಕ್ಕಿಂತ ಹೆಚ್ಚು ವಿಕೆಟ್. ಅಂದಿನ ಪಿಚ್‌ಗಳು ಬೌಲರ್‌ಗೆ ಅನುಕೂಲ ಇದ್ದವು ಅನ್ನೋದು ಸರಿ, ಅದನ್ನು ಕಳೆದುಕೊಂಡೇ ನೋಡೋಣ. ಆದರೂ ಡೇಟಾ ಶೀಟ್ ಓದಲು ಬರುವವರು ಇನ್ನೊಂದು ಕಾಲಂ ನೋಡಬೇಕು: ಈ ದಾಖಲೆ ಶುರುವಾಗೋದೇ 1905-06ರ ಋತುವಿನಿಂದ. ಅಂದ್ರೆ ಬಾಲೂಗೆ ಆಗಲೇ ಸುಮಾರು 30 ವರ್ಷ. ಒಬ್ಬ ಆಟಗಾರನ ಮೈ ಗಟ್ಟಿ ಇರುವ ಇಪ್ಪತ್ತರಿಂದ ಮೂವತ್ತರ ನಡುವಿನ ಪೂರ್ತಿ ಹತ್ತು ವರ್ಷ, ಪುಣೆಯ ಪಂದ್ಯ, ಸಾತಾರಾದ ಏಳು ವಿಕೆಟ್, ಯಾವುದೂ ಈ ಎಣಿಕೆಯಲ್ಲಿ ಇಲ್ಲ. ಅಳತೆ ಶುರು ಮಾಡೋ ಮೊದಲೇ ಪ್ರಯೋಗ ಅರ್ಧ ಮುಗಿದಿತ್ತು. ಟೆಸ್ಟ್ ಶುರುವಾದಾಗ ಅವರಿಗೆ 56ರ ಆಸುಪಾಸು.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ಥರದ ಗೆರೆ ಇತ್ತು. ಕರಿಯ ಆಟಗಾರರನ್ನು ಮೇಜರ್ ಲೀಗ್‌ಗೆ ಬಿಟ್ಟುಕೊಳ್ಳದೆ, ಅವರು ನೀಗ್ರೋ ಲೀಗ್ ಅಂತ ತಮ್ಮದೇ ಲೀಗ್‌ಗಳಲ್ಲಿ ಆಡಿದರು. ಅವರಲ್ಲಿ ಜಾಶ್ ಗಿಬ್ಸನ್ ಅನ್ನೋ ದೈತ್ಯ ಬ್ಯಾಟರ್ 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ತೀರಿಕೊಂಡ. ಮೂರೇ ತಿಂಗಳಿಗೆ ಜಾಕಿ ರಾಬಿನ್ಸನ್ ಮೇಜರ್ ಲೀಗ್ ಬಾಗಿಲು ದಾಟಿ ಒಳಗೆ ಬಂದ. ರಾಬಿನ್ಸನ್ ಹೆಸರು ಜಗತ್ತಿಗೇ ಗೊತ್ತು, ಗಿಬ್ಸನ್ ಹೆಸರು ದಶಕಗಳ ಕಾಲ ಆಟದ ಹುಚ್ಚಿದ್ದವರ ಬಾಯಲ್ಲಿ ಮಾತ್ರ ಉಳಿಯಿತು. 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್‌ನವರು ಹಳೆಯ ಲೀಗ್‌ಗಳ ಅಂಕಿಗಳನ್ನು ತಮ್ಮ ದಾಖಲೆಗೆ ಸೇರಿಸಿದರು. ಒಂದೇ ದಿನದಲ್ಲಿ ಬ್ಯಾಟಿಂಗ್ ಸರಾಸರಿಯ ಮೊದಲ ಸ್ಥಾನ ಟೈ ಕಾಬ್‌ನ 0.367ರಿಂದ ಗಿಬ್ಸನ್‌ನ 0.372ಕ್ಕೆ ಹೋಯ್ತು. ಸತ್ತು 77 ವರ್ಷ ಆಗಿದ್ದ ಮನುಷ್ಯ ಹೊಸದಾಗಿ ಒಂದು ಹಿಟ್ ಹೊಡೆಯಲಿಲ್ಲ. ಗೆರೆ ಸರಿಯಿತು, ಅಷ್ಟೇ.

ಬಾಲೂ ವಿಷಯದಲ್ಲಿ ಗೆರೆ ಒಂದೇ ಅಡ್ಡ ಬಂದದ್ದಲ್ಲ ಅಂತ ನಮಗನ್ನಿಸುತ್ತೆ. ನೆನಪಿಗೆ ಒಬ್ಬ ವಾರಸುದಾರ ಬೇಕು, ಅವರಿಗೆ ಯಾರೂ ಸಿಗಲಿಲ್ಲ. ಅವರ ಸರೀಕ ರಣಜಿತ್ ಸಿಂಹಜೀ 1896ರಲ್ಲಿ ಇಂಗ್ಲೆಂಡ್ ಪರ ಟೆಸ್ಟ್ ಆಡಿದರು, ಮುಂದೆ ನವಾನಗರದ ರಾಜರಾದರು, ಅವರ ಹೆಸರಲ್ಲಿ ರಣಜಿ ಟ್ರೋಫಿ ಇದೆ. ದೇವಧರ್ ಹೆಸರಲ್ಲೂ ಟ್ರೋಫಿ ಇದೆ. ದೊಡ್ಡ ಆಟಗಾರರೇ, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ಅವರು 101 ವರ್ಷ ಬದುಕಿ 1993ರವರೆಗೂ ಇದ್ದರು, ಹಳೆಯ ಕಥೆ ಕೇಳಲು ಪತ್ರಕರ್ತರಿಗೆ ಒಬ್ಬ ಮನುಷ್ಯ ಸಿಗುತ್ತಿದ್ದರು. ಬಾಲೂ ಆಡಿ ಹೆಸರು ಮಾಡಿದ್ದ ಧರ್ಮದ ಹೆಸರಿನ ಟೂರ್ನಿ 1946ಕ್ಕೆ ನಿಂತುಹೋಯ್ತು. ಗಾಂಧೀಜಿಯೇ ಅದು ಬೇಡ ಅಂದಿದ್ದರು. ನಿಂತದ್ದು ಒಳ್ಳೇದೇ ಆಯ್ತು. ಆದರೆ ಸ್ವತಂತ್ರ ಭಾರತಕ್ಕೆ ಮುಜುಗರ ತರುವ ಆ ಟೂರ್ನಿಯ ಜೊತೆಗೆ ಅದರ ನಾಯಕರೂ ಅಟ್ಟ ಸೇರಿದರು.

ಉಳಿದದ್ದು ರಾಜಕೀಯ. ದಲಿತ ಚಳವಳಿಯಾದರೂ ಅವರನ್ನು ಎತ್ತಿ ಹಿಡಿಯಬಹುದಿತ್ತಲ್ಲ ಅಂದರೆ, ಕಥೆ ಅಲ್ಲೇ ಕಗ್ಗಂಟಾಗೋದು. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಬಾಲೂ ಗಾಂಧೀಜಿಯ ಕಡೆ ಇದ್ದರು. 1932ರ ಸೆಪ್ಟೆಂಬರ್‌ನ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡ್ಕರರೂ ಇದ್ದಾರೆ, ಪಿ. ಬಾಲೂ ಕೂಡ ಇದ್ದಾರೆ. 1937ರ ಬಾಂಬೆ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಲೂಗೆ 11,225. ಮಾನಪತ್ರ ಬರೆದಿದ್ದ ಹುಡುಗ ಮಾನಪತ್ರ ಪಡೆದವರನ್ನು ಸೋಲಿಸಿದ. ಹೀಗೆ ಅಂಬೇಡ್ಕರರ ಎದುರು ನಿಂತವರನ್ನು ಚಳವಳಿ ನೆನಪಿಟ್ಟುಕೊಳ್ಳೋ ಕಾರಣ ಉಳಿಯಲಿಲ್ಲ. ಸೋತ ಅಭ್ಯರ್ಥಿಯನ್ನು ಕಾಂಗ್ರೆಸ್ ನೆನಪಿಟ್ಟುಕೊಳ್ಳೋ ಅಗತ್ಯವೂ ಇರಲಿಲ್ಲ. ಮೇಲ್ಜಾತಿಯ ಕ್ರಿಕೆಟ್ ಲೋಕಕ್ಕೆ ಅವರ ಕಥೆ ಹೇಳಬೇಕಾದರೆ ಆ ಮಣ್ಣಿನ ಕುಡಿಕೆಯ ಕಥೆಯನ್ನೂ ಹೇಳಬೇಕು, ಅದು ಯಾರಿಗೆ ಇಷ್ಟ? ಬಾಲೂ ಮಾಡಿದ ಆಯ್ಕೆ ಸರಿಯೋ ತಪ್ಪೋ ಅನ್ನೋ ಚರ್ಚೆ ನಮ್ಮ ಕ್ಲಬ್‌ನಲ್ಲೇ ಎರಡು ಸಂಜೆ ನಡೆದು ಇತ್ಯರ್ಥ ಆಗಲಿಲ್ಲ. ಅವರು ದೇವರೂ ಅಲ್ಲ, ದ್ರೋಹಿಯೂ ಅಲ್ಲ ಅನ್ನೋವಷ್ಟಕ್ಕೆ ಒಪ್ಪಿಕೊಂಡು ಎದ್ದೆವು.

ನಾವು ಕನ್ನಡದವರೂ ಅವರನ್ನು ಕೇಳಲಿಲ್ಲ. ಅವರ ಮನೆಮಾತು ಮರಾಠಿ, ಆಡಿದ್ದು ಪುಣೆ-ಬಾಂಬೆ. ಧಾರವಾಡ ಕೂಡ ಆಗ ಬಾಂಬೆ ಆಡಳಿತದಲ್ಲೇ ಇತ್ತು. ಬಾಲೂ ತೀರಿಕೊಂಡದ್ದು 1955ರ ಜುಲೈ 4ರಂದು. ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹದಿನಾರು ತಿಂಗಳ ಅಂತರ. ನಕ್ಷೆ ಬದಲಾದಾಗ ಆ ಭಾಗದ ಹೊಲ, ಹಾಡು, ಸಾಹಿತಿಗಳು ಎಲ್ಲ ನಮ್ಮವಾದರು, ಬಾಲೂ ಬಾಂಬೆಯವರಾಗಿಯೇ ಉಳಿದರು. ಅದೇ ಭಾಗದ ಗದಗದ ಹುಡುಗ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರ್‌ಗೆ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತಿದ್ದನ್ನು ನಮ್ಮ ಅಪ್ಪಂದಿರು ಈಗಲೂ ಹೇಳ್ತಾರೆ. ಅವರೂ ಎಡಗೈ ಸ್ಪಿನ್ನರೇ. ಟಿವಿ ಇತ್ತು, ಅಪ್ಪಂದಿರು ನೋಡಿದ್ದರು, ಆದ್ದರಿಂದ ಕಥೆ ನಮ್ಮವರೆಗೆ ಬಂತು. ಬಾಲೂ ಬೌಲಿಂಗ್ ನೋಡಿದವರು ಯಾರೂ ಈಗ ಇಲ್ಲ.

ಕಥೆ ಪೂರ್ತಿ ಅಳಿಸಿ ಹೋಗದ ಹಾಗೆ ಉಳಿಸಿದ್ದರಲ್ಲಿ ಎರಡು ಪುಸ್ತಕಗಳ ಪಾತ್ರ ದೊಡ್ಡದು. ಒಂದು ತಮ್ಮ ವಿಠ್ಠಲ ಮರಾಠಿಯಲ್ಲಿ ಬರೆದು 1948ರಲ್ಲಿ ಹೊರತಂದ ಆತ್ಮಕಥೆ. ಇನ್ನೊಂದು ಬೆಂಗಳೂರಿನಲ್ಲೇ ಇರುವ ಇತಿಹಾಸಕಾರ ರಾಮಚಂದ್ರ ಗುಹಾ 2002ರಲ್ಲಿ ತಂದ ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್. ದಪ್ಪ ಪುಸ್ತಕ, ಆದರೆ ಬಾಲೂ ಭಾಗ ಕಾದಂಬರಿ ಹಾಗೆ ಓದಿಸಿಕೊಂಡು ಹೋಗುತ್ತೆ. ಇಂಟರ್ನಲ್ಸ್ ಮುಗಿದ ವಾರ ಕೈಗೆತ್ತಿಕೊಳ್ಳಿ. ಅಷ್ಟು ತಾಳ್ಮೆ ಇಲ್ಲದವರು 1911ರ ಇಂಗ್ಲೆಂಡ್ ಪ್ರವಾಸದ ಸ್ಕೋರ್‌ಕಾರ್ಡ್‌ಗಳನ್ನಾದರೂ ನೆಟ್‌ನಲ್ಲಿ ಹುಡುಕಿ ನೋಡಿ. ಭಾರತದವರು ಬೌಲ್ ಮಾಡಿದ ಇನಿಂಗ್ಸ್‌ಗಳಲ್ಲಿ ಔಟಾದ ಬ್ಯಾಟ್ಸ್‌ಮನ್‌ಗಳ ಹೆಸರಿನ ಮುಂದೆ ಮತ್ತೆ ಮತ್ತೆ ಒಂದೇ ಹೆಸರು ಬರುತ್ತಾ ಹೋಗುತ್ತೆ: ಬೌಲ್ಡ್ ಬಾಲೂ, ಬೌಲ್ಡ್ ಬಾಲೂ, ಕ್ಯಾಚ್ ಶಿವರಾಮ ಬೌಲ್ಡ್ ಬಾಲೂ.